ಕ್ಯಾಮೆರಾ ತಡ ಮಾಡಿತು, ಅಜ್ಜ ಅಲ್ಲ

ಮಕ್ಕಳೇ, ಮಕ್ಕಳ ಅಜ್ಜ-ಅಜ್ಜಿಯರೇ,

ಬೇಸಿಗೆ ರಜೆಗೆ ಪುಣೆಯಿಂದ ಅರಭಾವಿಗೆ ಬಂದ ಮೊಮ್ಮಗಳು ಈ ಸಲ ಅಟ್ಟದ ಮೇಲಿನ ಟ್ರಂಕು ಇಳಿಸಿದಳು. ಅದರೊಳಗೆ ನನ್ನ ಹಳೆಯ ಪಾಸ್‌ಬುಕ್ಕುಗಳು, ಒಂದು ಸಾಲಿಗ್ರಾಮದಷ್ಟು ಜೋಪಾನ ಮಾಡಿದ ಆಗ್ಫಾ ಕ್ಲಿಕ್ 3 ಕ್ಯಾಮೆರಾ, ಮತ್ತು ಅಂಗೈ ಅಗಲದ ಒಂದು ಬೆಳ್ಳಿ ಬಣ್ಣದ ಡಿಜಿಟಲ್ ಕ್ಯಾಮೆರಾ ಇದ್ದವು. ಈ ಬೆಳ್ಳಿ ಬಣ್ಣದ್ದು ಅವಳ ಅಪ್ಪ, ಅಂದರೆ ನನ್ನ ಮಗ, 2007ರಲ್ಲಿ ತಂದುಕೊಟ್ಟದ್ದು. ಎರಡು ಪೆನ್ಸಿಲ್ ಸೆಲ್ ಹಾಕಿದೆವು. ಕಣ್ಣು ತೆರೆಯಿತು.

ಮನೆಯ ಮುಂದೆ ಬೇವಿನ ಗಿಡ, ಅದರ ಸುತ್ತ ಕಲ್ಲಿನ ಕಟ್ಟೆ. ಮೊಮ್ಮಗಳು ಆರನೆಯ ಇಯತ್ತೆ. ಕಟ್ಟೆ ಏರಿ ನಿಂತು, “ಅಜ್ಜಾ, ನಾ ಜಿಗೀತೀನಿ, ಗಾಳ್ಯಾಗ ಇದ್ದಾಗ ಹಿಡಿ” ಎಂದಳು. ಜಿಗಿದಳು. ನಾನು ಗುಂಡಿ ಒತ್ತಿದೆ. ಫೋಟೋದಲ್ಲಿ ಅವಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಮತ್ತೊಮ್ಮೆ ಜಿಗಿದಳು. ಮತ್ತೆ ನೆಲದ ಮೇಲೆ. ಮೂರನೆಯ ಸಲ ಕಟ್ಟೆ, ಧೂಳು, ಅವಳ ಒಂದು ಚಪ್ಪಲಿ ಮಾತ್ರ ಬಂದವು.

“ಅಜ್ಜಾ, ನೀ ಭಾಳ ತಡಾ ಮಾಡ್ತಿ. ಹಾರೂದನ್ನ ಹಿಡಿ ಅಂದ್ರ ಬಿದ್ದದ್ದನ್ನ ಹಿಡೀತಿ” ಎಂದು ನಕ್ಕಳು.

ಅವಳು ನಕ್ಕದ್ದು ತಪ್ಪಲ್ಲ. ಆದರೆ “ತಡ ಮಾಡಿದಿ” ಎಂಬ ಆ ಮಾತು ನನಗೆ ಎಲ್ಲೋ ತಾಗಿತು. ಅದೇ ಕ್ಯಾಮೆರಾದ ವಿಷಯದಲ್ಲಿ, ಅದೇ ಮಾತನ್ನು ಹಿಂದೊಮ್ಮೆ ನಾನೇ ನನಗೆ ಹೇಳಿಕೊಂಡಿದ್ದೆ.

2007ರ ದಸರೆ. ನನ್ನ ಅವ್ವನಿಗೂ ಅವಳ ತಮ್ಮನಿಗೂ, ಅಂದರೆ ನನ್ನ ಸೋದರಮಾವನಿಗೂ, ಹನ್ನೊಂದು ವರ್ಷ ಮಾತಿರಲಿಲ್ಲ. ಬಾವಿ ನೀರಿನ ಪಾಳಿಯ ಮೇಲೆ ಹತ್ತಿದ ಜಗಳ. ಮಾವ ಇದ್ದದ್ದು ಮೂಡಲಗಿ ಕಡೆಯ ಹಳ್ಳಿಯಲ್ಲಿ, ಬಸ್ಸಿನಲ್ಲಿ ಕೂತರೆ ಬಹಳ ದೂರವೇನಲ್ಲ. ಆದರೂ ಹನ್ನೊಂದು ವರ್ಷ ಬಂದಿರಲಿಲ್ಲ. ಆ ವರ್ಷ ಬನ್ನಿ ಮುಡಿಯುವ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಬನ್ನಿ ಎಲೆ. “ಅಕ್ಕಾ, ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದು ಕಾಲಿಗೆ ಬಿದ್ದ. ಅವ್ವ ಅವನನ್ನು ಎಬ್ಬಿಸಿ, ಎರಡೂ ಕೈಯಿಂದ ಮುಖ ಸವರಿ, ತನ್ನ ಹಣೆಯ ಎರಡೂ ಬದಿಗೆ ಬೆರಳು ಒತ್ತಿ ಲಟಿಕೆ ಮುರಿದಳು. ಎಂಬತ್ತು ವರ್ಷದ ಬೆರಳುಗಳು. ಆದರೂ ಲಟಲಟ ಸದ್ದು ಪಡಸಾಲೆಗೆಲ್ಲ ಕೇಳಿತು.

ಅವಳ ಕೈ ಮಾವನ ಕೆನ್ನೆಯ ಮೇಲಿದ್ದಾಗ ನಾನು ಗುಂಡಿ ಒತ್ತಿದೆ. ಫೋಟೋದಲ್ಲಿ ಬಂದದ್ದು ಬೇರೆ. ಅವ್ವ ಬೆಲ್ಲ-ನೀರು ತರಲು ಅಡಿಗೆ ಮನೆಯ ಕಡೆ ತಿರುಗಿದ್ದಾಳೆ. ಮಾವ ಇನ್ನೊಂದು ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾನೆ. ನಡುವೆ ಖಾಲಿ ಗೋಡೆ. ಮುಂದಿನ ಬೇಸಿಗೆಗೆ ಅವ್ವ ಹೋದಳು. ಎರಡು ವರ್ಷದ ಮೇಲೆ ಮಾವನೂ ಹೋದ. ಅವರಿಬ್ಬರೂ ಒಟ್ಟಿಗೆ ಇರುವ ಫೋಟೋ ನಮ್ಮ ಮನೆಯಲ್ಲಿ ಅದೊಂದೇ. ನೋಡಿದ ಬೀಗರೆಲ್ಲ, “ಆವಾಗೂ ಸಿಟ್ಟು ಇಳಿದಿರಲಿಲ್ಲೇನು? ಒಬ್ಬರ ಮಾರಿ ಒಬ್ಬರು ನೋಡವಲ್ಲರು” ಎನ್ನುತ್ತಾರೆ. ಪ್ರತಿ ಸಲ ನಾನು, “ಇಲ್ಲ, ನಾನು ಒತ್ತಿದ್ದು ತಡವಾಯಿತು” ಎನ್ನುತ್ತಿದ್ದೆ.

ಈ ಸಲ ಮೊಮ್ಮಗಳು ನಕ್ಕ ಮೇಲೆ, ನಿಜವಾಗಿ ತಡ ಮಾಡಿದ್ದು ಯಾರು ಎಂದು ಲೆಕ್ಕ ಹಾಕಿಯೇ ಬಿಡೋಣ ಎನಿಸಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಬಾಳು ಕಳೆದವನು ನಾನು. ಲೆಕ್ಕ ಕೂಡದಿದ್ದರೆ ನಿದ್ದೆ ಬಾರದು.

ಮೊದಲು ಟೇಪು ಹಿಡಿದು ಕಟ್ಟೆ ಅಳೆದೆವು. ಸರಿಯಾಗಿ ಒಂದು ಮೀಟರ್. ಒಂದು ಮೀಟರ್ ಎತ್ತರದಿಂದ ಸುಮ್ಮನೆ ಬಿಟ್ಟ ವಸ್ತು ನೆಲ ಮುಟ್ಟಲು ಬೇಕಾಗುವ ಸಮಯ 0.45 ಸೆಕೆಂಡು. ಅರ್ಧ ಸೆಕೆಂಡೂ ಇಲ್ಲ! ಇದಕ್ಕೆ ಹೋಲಿಸಿ ನೋಡಿ: ನಮ್ಮ ಗೋಕಾಕ ಜಲಪಾತದ ಎತ್ತರ 52 ಮೀಟರ್. ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ, ಮೇಲಿನಿಂದ ಬಿದ್ದ ನೀರು ಕೆಳಗೆ ಮುಟ್ಟಲು 3 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಮೇಲಾಗಿ ಮಳೆಗಾಲದಲ್ಲಿ ಒಂದು ನೀರಿನ ಹಿಂದೆ ಇನ್ನೊಂದು ನೀರು ಬರುತ್ತಲೇ ಇರುತ್ತದೆ. ಆದ್ದರಿಂದ ಜಲಪಾತದ ಫೋಟೋ ಎಂದೂ ತಪ್ಪುವುದಿಲ್ಲ. ಮೊಮ್ಮಗಳು ಒಬ್ಬಳೇ. ಅವಳ ಹಿಂದೆ ಇನ್ನೊಬ್ಬಳು ಬೀಳುವುದಿಲ್ಲ.

ಹಾಗಾದರೆ ಗುಂಡಿ ಒತ್ತಿದ ಮೇಲೆ ಆ ಪುಟ್ಟ ಡಬ್ಬಿಯೊಳಗೆ ಏನು ನಡೆಯುತ್ತದೆ? ಇದನ್ನು ಮೊಮ್ಮಗಳಿಗೆ ನಾನು ಹಳೆಯ ಕಾಲದ ಬ್ಯಾಂಕಿನ ಉದಾಹರಣೆ ಕೊಟ್ಟು ಹೇಳಿದೆ.

ಕಂಪ್ಯೂಟರ್ ಬರುವ ಮೊದಲು, ನೀವು ಕೌಂಟರಿನಲ್ಲಿ ಚೆಕ್ಕು ಕೊಟ್ಟ ಕೂಡಲೇ ಹಣ ಕೈಗೆ ಬರುತ್ತಿರಲಿಲ್ಲ. ಗುಮಾಸ್ತ ಒಂದು ಹಿತ್ತಾಳೆ ಟೋಕನ್ನು ಕೊಡುತ್ತಿದ್ದ. ಲೆಡ್ಜರು ತೆರೆದು ಖಾತೆಯಲ್ಲಿ ಹಣ ಇದೆಯೇ ನೋಡಬೇಕು. ಸಹಿ ಹೊಂದುತ್ತದೆಯೇ ನೋಡಬೇಕು. ಅಧಿಕಾರಿ ಪಾಸು ಮಾಡಬೇಕು. ಆಮೇಲೆ ಕ್ಯಾಶಿಯರ್ ಟೋಕನ್ ನಂಬರು ಕೂಗುತ್ತಿದ್ದ. ಕ್ಯಾಮೆರಾದ ಗುಂಡಿ ಒತ್ತುವುದೆಂದರೆ ಚೆಕ್ಕು ಕೊಟ್ಟಂತೆ. ಹಣ ಕೈಗೆ ಬಂದಂತೆ ಅಲ್ಲ.

ಗುಂಡಿ ಒತ್ತಿದ ಕೂಡಲೇ ಕ್ಯಾಮೆರಾ ಮೊದಲು ಫೋಕಸ್ ಹುಡುಕುತ್ತದೆ. ಇದೇ ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವ ಕೆಲಸ. ಅಜ್ಜ-ಅಜ್ಜಿಯರೇ, ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಹಿಡಿಯುತ್ತಿದ್ದುದು ನೆನಪಿದೆಯೇ? ಗುಬುಟು ತಿರುಗಿಸುತ್ತ ಹೋದರೆ ಧ್ವನಿ ಸ್ಪಷ್ಟವಾಗುತ್ತ ಬರುತ್ತದೆ. ಮತ್ತೆ ಕೆಡಲು ಶುರುವಾದಾಗಲೇ “ಸ್ಟೇಷನ್ ದಾಟಿತು” ಎಂದು ಗೊತ್ತಾಗುವುದು. ಆಮೇಲೆ ಸ್ವಲ್ಪ ಹಿಂದೆ ತಿರುಗಿಸುತ್ತೇವೆ. ಸಣ್ಣ ಡಿಜಿಟಲ್ ಕ್ಯಾಮೆರಾ ಮಾಡುವುದೂ ಅದನ್ನೇ. ಮಸೂರವನ್ನು ಹಿಂದೆ ಮುಂದೆ ಸರಿಸುತ್ತ, ಚಿತ್ರದ ಅಂಚುಗಳು ಎಲ್ಲಿ ಅತಿ ಚೂಪಾಗಿ ಕಾಣುತ್ತವೆಂದು ಹುಡುಕುತ್ತದೆ. ಆ ಜಾಗ ದಾಟಿದ ಮೇಲೆಯೇ ಅದಕ್ಕೆ ತಿಳಿಯುತ್ತದೆ, ಹಿಂದೆ ಬರುತ್ತದೆ. ಬೆಳಕು ಕಡಿಮೆ ಇದ್ದರೆ ಅಂಚುಗಳೇ ಕಾಣದೆ ಇನ್ನಷ್ಟು ತಡಕಾಡುತ್ತದೆ. ದೊಡ್ಡ ಕ್ಯಾಮೆರಾಗಳಲ್ಲಿ ಬೇರೆ ಉಪಾಯವಿದೆ. ಮಸೂರದ ಎರಡು ಬದಿಯಿಂದ ಬಂದ ಬೆಳಕನ್ನು ಹೋಲಿಸಿ, ಯಾವ ಕಡೆ, ಎಷ್ಟು ಸರಿಯಬೇಕೆಂದು ಒಂದೇ ಸಲಕ್ಕೆ ಲೆಕ್ಕ ಹಾಕುತ್ತವೆ. ನಮ್ಮ ಎರಡು ಕಣ್ಣು ದೂರ ಅಳೆಯುವ ಹಾಗೆ. ಆದ್ದರಿಂದ ಅವು ಬೇಗ.

ಫೋಕಸ್ ಆದ ಮೇಲೆ ಬೆಳಕು ಎಷ್ಟಿದೆ, ಬಣ್ಣ ಹೇಗಿದೆ ಎಂಬ ಲೆಕ್ಕ. ಅಲ್ಲಿಯವರೆಗೆ ಹಿಂದಿನ ಪರದೆಗೆ ಚಿತ್ರ ಕಳಿಸುತ್ತಿದ್ದ ಸಂವೇದಕವನ್ನು ಖಾಲಿ ಮಾಡಿ, ನಿಜವಾದ ಫೋಟೋಕ್ಕೆ ಸಿದ್ಧ ಮಾಡಬೇಕು. ಆಮೇಲೆ ಕ್ಲಿಕ್. ಕ್ಲಿಕ್ ಆದ ಮೇಲೆ ಚಿತ್ರವನ್ನು ಕಾರ್ಡಿಗೆ ಬರೆದುಕೊಳ್ಳುವ ಕೆಲಸ ಬೇರೆ, ಆದರೆ ಅದು ಈ ಫೋಟೋವನ್ನು ತಡ ಮಾಡುವುದಿಲ್ಲ, ಮುಂದಿನ ಫೋಟೋವನ್ನು ತಡ ಮಾಡುತ್ತದೆ. 1975ರಲ್ಲಿ ಅಮೆರಿಕದ ಕೊಡ್ಯಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ, ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆದುಕೊಳ್ಳಲು 23 ಸೆಕೆಂಡು ಬೇಕಾಗಿತ್ತು.

“ಹಂಗಾದ್ರ ಈ ಕಪ್ಪು ಡಬ್ಬಿ?” ಎಂದು ಮೊಮ್ಮಗಳು ಆಗ್ಫಾ ಕ್ಲಿಕ್ ಎತ್ತಿ ತೋರಿಸಿದಳು. ಅದರಲ್ಲಿ ಸೆಲ್ಲಿಲ್ಲ, ಲೆಕ್ಕವಿಲ್ಲ. ಫೋಕಸ್ ಖಾಯಂ. ಬಿಸಿಲೋ ಮೋಡವೋ ಎಂದು ನಾವೇ ಮೊದಲು ಹೇಳಿಟ್ಟಿರಬೇಕು. ಒತ್ತಿದರೆ ಸ್ಪ್ರಿಂಗು ಬಿಟ್ಟುಕೊಳ್ಳುತ್ತದೆ, ಅಷ್ಟೇ. ಒಂದು ರೋಲಿಗೆ ಹನ್ನೆರಡೇ ಫೋಟೋ. ಕ್ಯಾಮೆರಾ ತಡ ಮಾಡುತ್ತಿರಲಿಲ್ಲ. ಖರ್ಚಿಗೆ ಹೆದರಿ ನಾವೇ ತಡ ಮಾಡುತ್ತಿದ್ದೆವು.

ಇನ್ನು ಅಳತೆ. ಇದನ್ನು ನೀವೂ ಮನೆಯಲ್ಲಿ ಮಾಡಬಹುದು. ಒಂದು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಶುರುಮಾಡಿ ತಂಬಿಗೆಗೆ ಆನಿಸಿ ನಿಲ್ಲಿಸಿ. ಅದರ ಅಂಕಿ ಸರಿಯಾಗಿ 10 ಸೆಕೆಂಡು ಆಗುವಾಗ ಕ್ಯಾಮೆರಾದ ಗುಂಡಿ ಒತ್ತಿ. ಫೋಟೋದಲ್ಲಿ 10.6 ಎಂದು ಕಂಡರೆ ತಡ 0.6 ಸೆಕೆಂಡು. 10 ಬರುವುದು ಮೊದಲೇ ಗೊತ್ತಿರುವುದರಿಂದ ಕೈ ಗಾಬರಿಯಾಗುವುದಿಲ್ಲ. ಒಮ್ಮೆ ಸ್ವಲ್ಪ ಮುಂಚೆ, ಒಮ್ಮೆ ಸ್ವಲ್ಪ ಆಮೇಲೆ ಆಗಬಹುದು, ಆದ್ದರಿಂದ ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಕೊನೆಯ ಅಂಕಿ ಕಲಸಿಕೊಂಡು ಕಾಣುತ್ತದೆ, ಅದನ್ನು ನಂಬಬೇಡಿ. ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ನಂಬಿದರೆ ಸಾಕು.

ಮೊಮ್ಮಗಳು ಅಂಕಿ ಓದಿದಳು, ನಾನು ಹಳೆಯ ರೂಢಿಯಂತೆ ಗೆರೆ ಹೊಡೆದು ಬರೆದೆ. ಬಿಸಿಲಿನ ಅಂಗಳದಲ್ಲಿ, ಗುಂಡಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದಾಗ ಸರಾಸರಿ 0.6 ಸೆಕೆಂಡು. ಕಟ್ಟೆಯಿಂದ ನೆಲಕ್ಕೆ 0.45. ಅಂದರೆ ಇವಳು ಕಟ್ಟೆಯಿಂದ ಕಾಲೆತ್ತಿದ ಕ್ಷಣಕ್ಕೇ ನಾನು ಒತ್ತಿದರೂ, ಕ್ಯಾಮೆರಾ ಕಣ್ಣು ತೆರೆಯುವ ಹೊತ್ತಿಗೆ ಇವಳು ಹೆಚ್ಚುಕಡಿಮೆ ನೆಲದ ಮೇಲೆ! ಘಟಪ್ರಭಾ ಸ್ಟೇಷನ್ನಿನಲ್ಲಿ ನಿಲ್ಲದೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ರೈಲು 0.6 ಸೆಕೆಂಡಿನಲ್ಲಿ 10 ಮೀಟರ್ ಮುಂದೆ ಹೋಗಿರುತ್ತದೆ. ಹತ್ತಿರ ಹತ್ತಿರ ಅರ್ಧ ಬೋಗಿ.

ಎರಡನೆಯ ಪಟ್ಟಿ ಇನ್ನೂ ಸ್ವಾರಸ್ಯದ್ದು. ಈ ಕ್ಯಾಮೆರಾಗಳ ಗುಂಡಿಗೆ ಎರಡು ಹಂತವಿರುತ್ತದೆ. ಮೆಲ್ಲಗೆ ಅರ್ಧ ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕಿನ ಲೆಕ್ಕ ಮುಗಿಸಿಕೊಂಡು, ಹಸಿರು ಚೌಕ ತೋರಿಸಿ ಕಾಯುತ್ತದೆ. ಪೂರ್ತಿ ಒತ್ತಿದಾಗ ಬರೀ ಕ್ಲಿಕ್. ಚೆಕ್ಕು ಮೊದಲೇ ಪಾಸು ಮಾಡಿಸಿಟ್ಟು, ಕ್ಯಾಶಿಯರ್ ಮುಂದೆ ಟೋಕನ್ನು ಹಿಡಿದು ನಿಂತ ಹಾಗೆ. ಹೀಗೆ ಮಾಡಿದಾಗ ಸರಾಸರಿ 0.1 ಸೆಕೆಂಡು! 0.6ರಲ್ಲಿ 0.5 ಬರೀ ತಯಾರಿಯ ಸಮಯ. 2007ರಿಂದ ಆ ಗುಂಡಿಗೆ ಅರ್ಧ ಹಂತ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕ್ಯಾಮೆರಾ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತು. ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇತ್ತು.

ಸಂಜೆ ಪಡಸಾಲೆಯಲ್ಲಿ ಅದೇ ಅಳತೆ ಮಾಡಿದೆವು. ಮಬ್ಬು ಬೆಳಕಿನಲ್ಲಿ ಒಂದೇ ಸಲಕ್ಕೆ ಒತ್ತಿದಾಗ 1.1 ಸೆಕೆಂಡು. ಫ್ಲ್ಯಾಶ್ ಹಚ್ಚಿ, ಕೆಂಗಣ್ಣು ತಪ್ಪಿಸುವ ದೀಪವನ್ನೂ ಹಚ್ಚಿದಾಗ ಹತ್ತಿರ ಹತ್ತಿರ 2 ಸೆಕೆಂಡು. ಫ್ಲ್ಯಾಶಿನ ಬೆಳಕು ಅಗಲವಾಗಿ ತೆರೆದ ಕಣ್ಣಿನ ಪಾಪೆಯೊಳಗೆ ಹೋಗಿ, ಹಿಂಬದಿಯ ರಕ್ತದ ಬಣ್ಣ ಹೊತ್ತು ವಾಪಸು ಬರುವುದರಿಂದ ಕಣ್ಣು ಕೆಂಪಾಗಿ ಕಾಣುತ್ತದೆ. ಅದನ್ನು ತಪ್ಪಿಸಲು ಕ್ಯಾಮೆರಾ ಮೊದಲು ಒಂದು ದೀಪ ಬೆಳಗಿಸಿ, ಪಾಪೆ ಕಿರಿದಾಗಲೆಂದು ಕಾಯುತ್ತದೆ. ಕಣ್ಣು ಚೆನ್ನಾಗಿ ಬರುತ್ತದೆ, ಕ್ಷಣ ಹೋಗಿಬಿಡುತ್ತದೆ.

ಆ ಅಂಕಿ ಬರೆಯುವಾಗ ನನ್ನ ಪೆನ್ನು ನಿಂತಿತು. 2007ರ ಆ ಸಂಜೆಯೂ ಇದೇ ಪಡಸಾಲೆ, ಇದೇ ಹೊತ್ತು, ಆ ದೀಪ ಹಚ್ಚಿಯೇ ಇತ್ತು. ಹಳೆಯ ಫೋಟೋದಲ್ಲಿ ಫ್ಲ್ಯಾಶ್ ಗೋಡೆಯ ಮೇಲೆ ಹೊಳೆದದ್ದು ಕಾಣುತ್ತದೆ. ಸುಮ್ಮನೆ ಬಾಯಲ್ಲಿ ಎಣಿಸಿ ನೋಡಿದೆ. ಮುಖ ಸವರಿ, ಲಟಿಕೆ ಮುರಿದು, ಹಿಂದೆ ತಿರುಗಲು ಎಷ್ಟು ಹೊತ್ತು? ಎರಡು ಸೆಕೆಂಡು.

“ಹಂಗಾದ್ರ ನೀ ತಡಾ ಮಾಡಿಲ್ಲ ಅಜ್ಜಾ” ಎಂದಳು ಮೊಮ್ಮಗಳು. ಅವಳಿಗೆ ಆ ಕಥೆಯನ್ನು ಆಗಷ್ಟೇ ಹೇಳಿದ್ದೆ.

ಪೂರ್ತಿ ಹಾಗೂ ಅಲ್ಲ. ನನ್ನ ಪಾಲಿನ ತಡವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಣ್ಣು ನೋಡಿದ್ದು ತಲೆಗೆ ಹೋಗಿ, ತಲೆ ಬೆರಳಿಗೆ ಹೇಳಲು ಎಲ್ಲರಿಗೂ ಸಮಯ ಬೇಕು. ಇದನ್ನು ಅಳೆಯಲು 30 ಸೆಂಟಿಮೀಟರ್ ಪಟ್ಟಿ ಸಾಕು. ಒಬ್ಬರು ಪಟ್ಟಿಯನ್ನು ಮೇಲಿನಿಂದ ಹಿಡಿದು ನಿಲ್ಲಿಸಲಿ. ಇನ್ನೊಬ್ಬರು ಕೆಳಗಿನ ಸೊನ್ನೆಯ ಹತ್ತಿರ, ಮುಟ್ಟದೆ, ಬೆರಳು ತೆರೆದು ಕಾಯಲಿ. ಹೇಳದೆ ಕೇಳದೆ ಬಿಡಬೇಕು, ಕಂಡ ಕೂಡಲೇ ಹಿಡಿಯಬೇಕು. 20 ಸೆಂಟಿಮೀಟರಿಗೆ ಹಿಡಿದರೆ 0.2 ಸೆಕೆಂಡು. 30ಕ್ಕೆ ಹಿಡಿದರೆ 0.25. ಮೊಮ್ಮಗಳು 19ಕ್ಕೆ ಹಿಡಿದಳು. ಎಪ್ಪತ್ನಾಲ್ಕರ ನಾನು ಮೊದಲ ಎರಡು ಸಲ ಪಟ್ಟಿಯನ್ನೇ ಬಿಟ್ಟೆ, ಮೂರನೆಯ ಸಲ 28ಕ್ಕೆ ಹಿಡಿದೆ. ಅಂದರೆ ನನ್ನ ತಡ ಕಾಲು ಸೆಕೆಂಡು, ಕ್ಯಾಮೆರಾದ ತಡ ಎರಡು ಸೆಕೆಂಡು. ಖಾತೆ ಸ್ಪಷ್ಟ.

1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಮನುಷ್ಯನ ಈ ತಡವನ್ನು ತಪ್ಪಿಸಿದ ರೀತಿ ಚೆಂದದ್ದು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು ಪ್ರಶ್ನೆ. ನಮ್ಮ ಕಡೆ ಜಾತ್ರೆಯ ಕುದುರೆಗಾಡಿ ಓಟ ನೋಡಿದವರಿಗೆ ಗೊತ್ತು, ಕಣ್ಣಿಗೆ ಅದು ಸಿಗುವುದಿಲ್ಲ. ಅವನು ದಾರಿಯ ಬದಿಗೆ 12 ಕ್ಯಾಮೆರಾ ಸಾಲಾಗಿ ಇಟ್ಟು, ಒಂದೊಂದಕ್ಕೂ ಅಡ್ಡಲಾಗಿ ದಾರ ಕಟ್ಟಿದ. ಓಡುವ ಕುದುರೆಯೇ ದಾರ ತಾಗಿಸಿ ತನ್ನ ಫೋಟೋ ತೆಗೆದುಕೊಂಡಿತು. ಹೌದು, ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಕೂಡಿದಾಗ ಕುದುರೆ ಗಾಳಿಯಲ್ಲಿರುತ್ತದೆ.

ಈಗಿನ ಮೊಬೈಲುಗಳು ಇನ್ನೊಂದು ಉಪಾಯ ಮಾಡುತ್ತವೆ. ಕ್ಯಾಮೆರಾ ತೆರೆದ ಕೂಡಲೇ, ನೀವು ಒತ್ತುವ ಮೊದಲೇ, ಒಂದರ ಹಿಂದೆ ಒಂದು ಚಿತ್ರ ತೆಗೆಯುತ್ತಲೇ ಇರುತ್ತವೆ. ಜಾತ್ರೆಯ ತಿರುಗುವ ತೊಟ್ಟಿಲಿನಂತೆ ಹೊಸಬರು ಹತ್ತಿದಾಗ ಹಳಬರು ಇಳಿಯುತ್ತಾರೆ. ನೀವು ಒತ್ತಿದಾಗ, ಒತ್ತಿದ ಕ್ಷಣಕ್ಕೆ ಹೊಂದುವ ಚಿತ್ರವನ್ನು ಆ ತೊಟ್ಟಿಲಿನಿಂದ ಇಳಿಸಿಕೊಡುತ್ತವೆ. ಆದರೆ ಕತ್ತಲಲ್ಲಿ ಮೊಬೈಲೂ ಹಲವು ಚಿತ್ರ ಕೂಡಿಸಿ ಒಂದು ಮಾಡುತ್ತದೆ, ಅದಕ್ಕೆ ಒಂದೆರಡು ಸೆಕೆಂಡು ಬೇಕಾಗಬಹುದು. ಹುಟ್ಟುಹಬ್ಬದ ಮೇಣದಬತ್ತಿ ಊದುವಾಗ ಇದನ್ನು ನೆನಪಿಡಿ.

ಕೊನೆಗೆ ಜಿಗಿತ ಸಿಕ್ಕಿತೇ? ಸಿಕ್ಕಿತು. ಅವಳು ಬರುವ ಜಾಗದಲ್ಲಿ ಕೊಡಪಾನ ಇಟ್ಟು, ಅದರ ಮೇಲೆ ಅರ್ಧ ಒತ್ತಿ ಫೋಕಸ್ ಹಿಡಿದೆ. ಕೊಡಪಾನ ತೆಗೆಸಿದೆ, ಬೆರಳು ಬಿಡಲಿಲ್ಲ. ನೆಲದಿಂದಲೇ ಮೇಲಕ್ಕೆ ಜಿಗಿ ಎಂದೆ. ಮೇಲಕ್ಕೆ ಜಿಗಿದವರು ತುದಿಯಲ್ಲಿ ಒಂದು ಕ್ಷಣ ನಿಂತಂತೆ ಆಗುತ್ತಾರೆ, ಜೋಕಾಲಿ ತುದಿಯಲ್ಲಿ ನಿಂತ ಹಾಗೆ. 30 ಸೆಂಟಿಮೀಟರ್ ಎತ್ತರ ಜಿಗಿಯಲು ಕಾಲು ಸೆಕೆಂಡು. ನನ್ನ ತಡ ಕಾಲು ಸೆಕೆಂಡು, ಕ್ಯಾಮೆರಾದ್ದು 0.1. ಆದ್ದರಿಂದ ಅವಳು ಮೊಣಕಾಲು ಬಗ್ಗಿಸಿ ಏಳಲು ಶುರುಮಾಡಿದಾಗಲೇ ಒತ್ತಿದೆ. ನಾಲ್ಕನೆಯ ಪ್ರಯತ್ನಕ್ಕೆ ಎರಡೂ ಜಡೆ ಮೇಲೆ, ಚಪ್ಪಲಿ ನೆಲದಿಂದ ಒಂದು ಗೇಣು ಮೇಲೆ, ಬಾಯಿ ಪೂರ್ತಿ ತೆರೆದು ಬಂದಳು.

ಇನ್ನು ಆ ಹಳೆಯ ಫೋಟೋ. ಅದನ್ನು ಮತ್ತೆ ತೆಗೆಯಲು ಬರುವುದಿಲ್ಲ. ಆದರೆ ಬ್ಯಾಂಕಿನಲ್ಲಿ ಒಂದು ನಿಯಮವಿತ್ತು. ಲೆಡ್ಜರಿನಲ್ಲಿ ತಪ್ಪು ನಮೂದಾದರೆ ಅದನ್ನು ಕೆರೆಯಬಾರದು, ಅಳಿಸಬಾರದು. ತಪ್ಪು ಹಾಗೇ ಕಾಣುವಂತೆ ಬಿಟ್ಟು, ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಗೋಡೆಯಿಂದ ಫೋಟೋ ಇಳಿಸಿ, ಚೌಕಟ್ಟು ಬಿಚ್ಚಿ, ಹಿಂದೆ ಬರೆದೆ: “ವಿಜಯದಶಮಿ, 2007. ಈ ಫೋಟೋ ಎರಡು ಸೆಕೆಂಡು ತಡವಾಗಿದೆ. ಅದಕ್ಕಿಂತ ಮೊದಲು ಅಕ್ಕ ತಮ್ಮನ ಮುಖ ಸವರಿ ಲಟಿಕೆ ಮುರಿದಳು. ತಮ್ಮ ಅಳುತ್ತಿದ್ದ. ಅವಳು ಬೆಲ್ಲ-ನೀರು ತರಲು ಒಳಗೆ ಹೊರಟಿದ್ದಾಳೆ.” ಕೆಳಗೆ ಸಹಿ, ತಾರೀಖು.

ನಿಮ್ಮ ಮನೆಯ ಗೋಡೆಯ ಮೇಲೂ ಇಂಥ ಫೋಟೋ ಇರಬಹುದು. ಮಕ್ಕಳೇ, ಇಳಿಸಿ ಅಜ್ಜ-ಅಜ್ಜಿಯ ಕೈಗೆ ಕೊಡಿ, ಇದಕ್ಕಿಂತ ಮೊದಲು ಏನಾಗಿತ್ತು ಎಂದು ಕೇಳಿ, ಹಿಂದೆ ಬರೆದಿಡಿ.

ನಾನು ಸಹಿ ಹಾಕಿದ್ದನ್ನು ನೋಡಿ ಮೊಮ್ಮಗಳು, “ಬ್ಯಾಂಕಿನ್ಯಾಗ ಒಂದ ಸಹಿ ಸಾಕೇನು?” ಎಂದಳು. ಸಾಲದು, ಬರೆದವನದೊಂದು, ತಪಾಸಿಸಿದವರದೊಂದು ಬೇಕು ಎಂದೆ. ಪೆನ್ನು ಕಸಿದುಕೊಂಡು, ನನ್ನ ಸಹಿಯ ಪಕ್ಕದಲ್ಲಿ ತನ್ನದನ್ನೂ ಹಾಕಿದಳು.